ಗಂಗಿಯ ಒಂಬತ್ತನೆಯ ತಿಂಗಳು

ಗುಡ್ನಾಪುರದ ಕಲ್ಲವ್ವನಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಮೊಮ್ಮಗಳು ಗಂಗಿ ಯಾವ ತಿಂಗಳಲ್ಲಿ ಏನು ಮಾಡಿದಳೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ಮೂರಕ್ಕೆ ಮಗುಚಿದಳು, ಐದಕ್ಕೆ ಕೂತಳು, ಏಳಕ್ಕೆ ಹಲ್ಲು ಬಂದವು, ಒಂಬತ್ತು ತುಂಬುವುದರೊಳಗೆ ನಡೆದಳು. ಕೇರಿಯಲ್ಲಿ ಯಾರ ಮನೆಯ ಕೂಸನ್ನು ಅಳೆಯಬೇಕಾದರೂ ಕಲ್ಲವ್ವನ ಬಳಿ ಕೋಲು ಇದೊಂದೇ. ನಾಲ್ಕು ವರ್ಷ ಹೀಗೇ ನಡೆಯಿತು. ಅರವತ್ತೆರಡನೆಯ ಇಸವಿಯ ಬೇಸಿಗೆಗೆ ಆ ಕೋಲು ಅವಳ ಮನೆಯ ತೊಟ್ಟಿಲಿಗೇ ಬಂದು ನಿಂತಿತು. ಗಂಗಿಯ ತಮ್ಮ ಮಧುಕೇಶ್ವರನಿಗೆ ಶಿವರಾತ್ರಿಗೇ ಹನ್ನೆರಡು ತಿಂಗಳು ತುಂಬಿತ್ತು. ಯುಗಾದಿ ಹತ್ತಿರ ಬಂದರೂ ಅವನು ಅಂಬೆಗಾಲು ಬಿಟ್ಟು ಎದ್ದಿರಲಿಲ್ಲ.

ಒಂದು ಬೆಳಿಗ್ಗೆ ಕಲ್ಲವ್ವ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದ ಮನೆಯ ಗುರುಶಾಂತವ್ವ ಜರಡಿ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಕಲ್ಲಕ್ಕಾ, ಮೊಮ್ಮಗ ನಿಂತನೇನು?"

"ನಿಲ್ತಾನ. ಅವಸರಾ ಏನೈತಿ."

"ನಮಗೇನು ಅವಸರಾ ಇಲ್ಲವ್ವ. ಗಂಗಿ ನಡದಾಗ ಒಂಬತ್ತಕ್ಕ ಹೆಜ್ಜಿ ಕಡಬು ಹಂಚಿದ್ದಿ. ನಮ್ಮ ಹುಡುಗಿ ಹದಿನಾಲ್ಕಕ್ಕ ನಡದಾಗ, ‘ನಿಮ್ಮ ಮನ್ಯಾಗ ತುಪ್ಪ ಕಡಿಮಿ’ ಅಂದಿದ್ದಿ. ಈಗ ನಿಮ್ಮ ತುಪ್ಪಕ್ಕ ಏನಾತು ಅಂತ ಕೇಳಿದೆ, ಅಷ್ಟ."

ಕೂಸು ಮೊದಲ ಹೆಜ್ಜೆ ಇಟ್ಟರೆ ಕಡುಬು ಮಾಡಿ ಹತ್ತು ಮನೆಗೆ ಬೀರುವುದು ಆ ಕೇರಿಯ ಪದ್ಧತಿ. ಹಾಗಾಗಿ ಯಾರ ಕೂಸು ಯಾವಾಗ ನಡೆಯಿತೆಂಬುದು ಹತ್ತು ಮನೆಗೂ ಗೊತ್ತಿರುತ್ತಿತ್ತು. ಕಲ್ಲವ್ವ ಕೂಸಿನ ಮೊಣಕಾಲನ್ನು ಮತ್ತೊಮ್ಮೆ, ಸ್ವಲ್ಪ ಬಿರುಸಾಗಿಯೇ ತಿಕ್ಕಿದಳು. ಮಧು ಕಿರುಚಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಸಾವಿತ್ರವ್ವನ ಕೈ ಒಂದು ಗಳಿಗೆ ನಿಂತಿತು.

ಅಂದೇ ಮಧ್ಯಾಹ್ನ ಕಲ್ಲವ್ವ ಮಗ ಪರಮೇಶ್ವರಪ್ಪನಿಗೆ ಹೇಳಿದಳು: "ಬರೋ ಅಮಾಸಿಗೆ ಕೆರಿಯಪ್ಪನ್ನ ಕರೀಬೇಕು. ಎರಡೂ ಮೊಣಕಾಲಿಗೆ ಬರಿ ಹಾಕಸೋದು. ಕಾಲಾಗ ವಾಯು ಕುಂತೈತಿ."

ಕೆರಿಯಪ್ಪ ಕೆರೆಯ ಆಚೆಯ ಮುದುಕ. ಅರಿಸಿನ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಮಕ್ಕಳಿಗೆ ಬರೆ ಎಳೆಯುತ್ತಿದ್ದ. ಸುತ್ತಲ ಊರುಗಳಲ್ಲಿ ಅವನ ಕೊಂಬು ತಾಗದ ಮೈ ಕಡಿಮೆ.

ಸಾವಿತ್ರವ್ವ ಗಂಡನಿಗೆ ಎಲೆಯಡಿಕೆ ಕೊಡುವಾಗ ಮೆಲ್ಲಗೆ ಹೇಳಿ ನೋಡಿದಳು. "ಅದರ ಬದಲಿ ಶಿರಸಿ ದವಾಖಾನಿಗೆ ಒಮ್ಮೆ ತೋರಸಬಾರದೇನ್ರಿ?"

"ಅಲ್ಲಿ ಡಾಕ್ಟರ ಏನಂತ ಕೇಳ್ತಾರ? ಮೊದಲನೇ ಕೂಸು ಯಾವಾಗ ನಡೀತು ಅಂತ. ಒಂಬತ್ತಕ್ಕ ಅಂತ ಹೇಳ್ತೀವಿ. ಹಂಗಾರ ಇವನ ಕಾಲಾಗ ದೋಷ ಐತಿ ಅಂತ ಅವರೂ ಅಂತಾರ." ಪರಮೇಶ್ವರಪ್ಪ ಧೋತರ ಸರಿಸಿ ಮೀನಖಂಡದ ಮೇಲಿದ್ದ ಎರಡು ಬಿಳಿ ಕಲೆ ತೋರಿಸಿದ. "ನನಗೂ ಹಾಕ್ಯಾರ. ಸತ್ತನೇನು ನಾ?"

ಸಾವಿತ್ರವ್ವ ಎಲೆಯಡಿಕೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಂಬತ್ತು ಅನ್ನುವ ಮಾತು ಎಲ್ಲಿಂದ ಹುಟ್ಟಿತೆಂದು ಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ.

ಗಂಗಿ ಹುಟ್ಟಿದ್ದು ಹಾನಗಲ್ಲಿನ ಕಡೆಯ ತವರಿನಲ್ಲಿ. ಬಾಣಂತನ ಮುಗಿಯುವ ಹೊತ್ತಿಗೆ ಸಾವಿತ್ರವ್ವನ ತಾಯಿ ಬಾವಿಕಟ್ಟೆಯ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಮನೆಯಲ್ಲಿ ಮಾಡುವ ಹೆಂಗಸು ಬೇರೆ ಇರಲಿಲ್ಲ. ಐದು ತಿಂಗಳಿಗೆ ತಿರುಗಿ ಬರಬೇಕಾದವಳು ಹದಿನಾಲ್ಕು ತಿಂಗಳು ಅಲ್ಲೇ ಉಳಿದಳು. ಅಷ್ಟರಲ್ಲಿ ಗಂಡ ಬಂದು ಹೋದದ್ದು ಎರಡೇ ಸಲ; ಬಂದಾಗ ಎತ್ತಿನ ಹಲ್ಲು ಎಣಿಸಿದಷ್ಟು ಕಾಳಜಿಯಿಂದ ಕೂಸಿನ ತಿಂಗಳು ಎಣಿಸಿದವನಲ್ಲ. ಹೆಣ್ಣು ಹುಟ್ಟಿದ ಸುದ್ದಿ ಒಯ್ದಿದ್ದ ಆಳು ಗುಡ್ನಾಪುರದಿಂದ ಮರಳಿ ಬಂದು, "ಕೂಸು ಹೆಣ್ಣು ಅಂತ ಹೇಳಿದೆ. ಅವರತ್ತಿ ‘ಆತು’ ಅಂದ್ರು. ಮತ್ತೇನೂ ಅನಲಿಲ್ಲ," ಎಂದಿದ್ದ. ಹಸಿ ಬಾಣಂತಿಗೆ ಆ ಒಂದು ಮಾತು ನಾಟಿತು. ಆಮೇಲೆ ಅವಳು ಅಣ್ಣನ ಕೈಯಿಂದ ಗಂಡನ ಮನೆಗೆ ಕಾರ್ಡು ಬರೆಸತೊಡಗಿದಳು. ಕೂಸು ಮಗುಚಿತು ಎಂದು ಬರೆಸಿದಾಗ ಅದಿನ್ನೂ ಅಂಗಾತ ಮಲಗಿ ಕಾಲಾಡಿಸುತ್ತಿತ್ತು. ಕೂತಿತು ಎಂದು ಬರೆಸಿದಾಗ ದಿಂಬಿಗೆ ಒರಗಿಸಿದರೂ ವಾಲುತ್ತಿತ್ತು. ಹೋಗುವ ಹೊತ್ತಿಗೆ ಹೇಗೂ ಎಲ್ಲ ಕಲಿತಿರುತ್ತದೆ, ಅಲ್ಲಿಯತನಕ ಆ ಮನೆಯವರ ಮನಸ್ಸಿನಲ್ಲಿ ನನ್ನ ಮಗಳಿಗೊಂದು ಜಾಗವಾಗಲಿ ಎಂಬುದೊಂದೇ ಅವಳ ಲೆಕ್ಕ. ಒಂಬತ್ತನೆಯ ತಿಂಗಳಿನ ಕಾರ್ಡನ್ನು ಬರೆಯುವಾಗ ಅಣ್ಣ ಕೂಡ, "ಸ್ವಲ್ಪ ಹೆಚ್ಚಾತಲ್ಲವ್ವ," ಎಂದಿದ್ದ.

ಅದು ಯಾರಿಗೂ ನೋವು ಮಾಡದ ಸುಳ್ಳಾಗಿತ್ತು, ಈ ಯುಗಾದಿಯವರೆಗೆ.

ಅಮಾವಾಸ್ಯೆಯ ದಿನ ಬಂತು. ಕೆರಿಯಪ್ಪ ಊಟದ ಹೊತ್ತಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದ. ಕಲ್ಲವ್ವ ಜಗಲಿಯ ಮೇಲೆ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಅರಿಸಿನ ಕೊಂಬು ಆರಿಸಿ ಇಟ್ಟಾಗಿತ್ತು. ಮಧು ಬೀಜಗಳನ್ನು ಹಿಡಿದು ಹಿಡಿದು ಬಿಡುತ್ತಿದ್ದ. ಸಾವಿತ್ರವ್ವ ತಾನೂ ಒಂದು ಕಲ್ಲು ತಂದು ಎದುರಿಗೆ ಕೂತಳು. ಹತ್ತು ಹಣ್ಣು ಜಜ್ಜಿದಳು. ಹನ್ನೊಂದನೆಯದನ್ನು ಕೈಯಲ್ಲೇ ಹಿಡಿದುಕೊಂಡಳು.

"ಅತ್ತ್ಯಾರ, ಒಂದು ಮಾತು ಹೇಳ್ತೀನ್ರಿ. ಕೇಳಿದ ಮ್ಯಾಲೆ ಬೈಯ್ರಿ, ಹೊಡೀರಿ."

"ಹೇಳು."

"ಗಂಗಿ ಒಂಬತ್ತಕ್ಕ ನಡದಿಲ್ಲರಿ."

ಕಲ್ಲವ್ವನ ಕಲ್ಲು ಹಣ್ಣಿನ ಮೇಲೆ ಬಿತ್ತು, ಏಳಲಿಲ್ಲ.

"ಹದಿಮೂರು ತುಂಬಿತ್ರಿ ಆಕಿ ನಡದಾಗ. ಅದೂ ಗ್ವಾಡಿ ಹಿಡಕೊಂಡು. ಕಾರ್ಡಿನ್ಯಾಗ ನಾನ ಸುಳ್ಳು ಬರಸಿದೆ. ಇವಗ ಏನೂ ಆಗಿಲ್ಲರಿ. ಆಕಿಗಿಂತ ಇವ ಹಿಂದಿಲ್ಲ."

ಅತ್ತೆ ಸೊಸೆಯ ಮುಖ ನೋಡಲಿಲ್ಲ. "ಯಾಕ?" ಎಂದಳು.

"ಹೆಣ್ಣು ಹುಟ್ಟೇತಿ ಅಂತ ಹೇಳಿ ಕಳಿಸಿದಾಗ ನೀವು ‘ಆತು’ ಅಂದ್ರಂತ."

ಇಲ್ಲ, ಹಾಗಂದಿಲ್ಲ ಎಂದು ಕಲ್ಲವ್ವ ಹೇಳಬಹುದಿತ್ತು. ಸೊಸೆ ನಂಬುತ್ತಿರಲಿಲ್ಲ, ಆದರೆ ಹೌದೆಂದು ತಲೆಯಾಡಿಸುತ್ತಿದ್ದಳು. ಕಲ್ಲವ್ವ ಅಂಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.

"ಅಂದಿದ್ದೆ. ಗಂಡು ಆಗಲಿ ಅಂತ ಇತ್ತು ನನಗ. ಒಂದು ತಿಂಗಳು ಆ ಕೂಸಿನ ಹೆಸರು ಏನಿಟ್ರು ಅಂತ ಸೈತ ಕೇಳಲಿಲ್ಲ." ಮತ್ತೆ ಹೇಳಿದಳು: "ಆಮ್ಯಾಲೆ ನಿನ್ನ ಕಾರ್ಡು ಬರಾಕ ಹತ್ತಿದ್ವು. ಸಾಲಿ ಮಾಸ್ತರ ಸಂಗಯ್ಯನವರ ಕಡಿಂದ ಓದಸ್ತಿದ್ದೆ. ಎರಡೆರಡು ಸಲ ಓದಸ್ತಿದ್ದೆ. ಆಕಿ ಬರೋದರೊಳಗ ಆಕಿ ಮ್ಯಾಲೆ ನನಗ ಜೀವ ಬಂದಿತ್ತು. ಎಲ್ಲಾ ಸುಳ್ಳಿನ ಮ್ಯಾಲೆ ಬಂತಲ್ಲ, ಸಾವಿತ್ರಿ."

ಸಾವಿತ್ರವ್ವ ಅಳತೊಡಗಿದಳು. "ತಪ್ಪಾತ್ರಿ," ಎಂದಳು.

"ಇಡೀ ಕೇರಿಗೆ ಸಾರಿದೆ ನಾನು. ಗುರುಶಾಂತವ್ವನ ಮಗಳಿಗೆ ಏನೇನಂದೆ." ಕಲ್ಲವ್ವ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು. ಅಲ್ಲಿ ಎಷ್ಟು ಹೊತ್ತು ನಿಂತಳೆಂದರೆ, ಬಂದವಳು ಏನು ಹೇಳುತ್ತಾಳೋ ಎಂದು ಸಾವಿತ್ರವ್ವ ಕೂಸನ್ನು ಮಡಿಲಿಗೆ ಎಳೆದುಕೊಂಡು ಎರಡೂ ಮೊಣಕಾಲು ಸೆರಗಿನಿಂದ ಮುಚ್ಚಿ ಕೂತಿದ್ದಳು.

ಅಷ್ಟರಲ್ಲಿ ಕೆರಿಯಪ್ಪ ಬಂದೇ ಬಿಟ್ಟ. ಜೊತೆಗೆ, ನೋಡೋಣವೆಂದು, ಒಯ್ದಿದ್ದ ಜರಡಿ ತಿರುಗಿ ಕೊಡುವ ನೆಪದಲ್ಲಿ ಗುರುಶಾಂತವ್ವನೂ ಬಂದಳು. ಕೆರಿಯಪ್ಪ ಜಗಲಿಯ ಅಂಚಿಗೆ ಕೂತು ಬೆವರು ಒರೆಸಿಕೊಂಡ. "ಕೆಂಡ ಆಗ್ಯಾವೇನವ್ವ?"

ಕಲ್ಲವ್ವ ಒಳಗಿನಿಂದ ಒಂದು ತಂಬಿಗೆ ಮಜ್ಜಿಗೆ ತಂದು ಅವನ ಮುಂದೆ ಇಟ್ಟಳು. "ಕುಡಿ ಮೊದಲ. ಕೆಂಡ ಬ್ಯಾಡ ಇವತ್ತು. ನಾ ತಿಂಗಳು ತಪ್ಪಿ ಹೇಳಿದ್ದೆ."

"ಯಾರದು ತಪ್ಪಿತು? ಹುಡುಗಂದೇನು?"

"ಅವಂದಲ್ಲ, ಗಂಗಿದು. ಒಂಬತ್ತಕ್ಕ ನಡದ್ಲು ಅಂತ ಹೇಳ್ಕೋತ ಬಂದೆ. ಆಕಿ ನಡದಿದ್ದು ಹದಿಮೂರಕ್ಕ. ಮೊಮ್ಮಗಳ ಮ್ಯಾಲಿನ ಆಸಿಗೆ ನಾನ ಹೆಚ್ಚಿಗಿ ಹೇಳಿದ್ದೆ."

ಸಾವಿತ್ರವ್ವ ತಲೆ ಎತ್ತಿದಳು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನೀ ಕೂಸಿಗೆ ಹಾಲು ಕುಡಸು," ಎಂದಳು.

ಗುರುಶಾಂತವ್ವ ಮೂಗಿನ ಮೇಲೆ ಬೆರಳಿಟ್ಟಳು. "ಏ ಕಲ್ಲಕ್ಕಾ, ಹಂಗಾರ ನಮ್ಮ ತುಪ್ಪದ್ದು?"

"ನಿಮ್ಮ ತುಪ್ಪ ಚಲೋನ ಇತ್ತವ್ವ. ನನ್ನ ನಾಲಿಗಿ ಉದ್ದ ಇತ್ತು. ಅಂದ್ಕೋ, ಏನು ಅಂದ್ಕೋತಿ."

ನಾಲ್ಕು ವರ್ಷದಿಂದ ಕೂಡಿಟ್ಟಿದ್ದ ಮಾತೆಲ್ಲ ಗುರುಶಾಂತವ್ವನ ತುದಿನಾಲಿಗೆಯಲ್ಲೇ ಇತ್ತು. ಆದರೆ ಹೀಗೆ ತಾನೇ ಕೋಲು ಕೈಗೆ ಕೊಟ್ಟವಳನ್ನು ಬಡಿಯುವುದು ಹೇಗೆಂದು ತಿಳಿಯಲಿಲ್ಲ. "ನಮ್ಮಾಕಿನೂ ಖರೇ ಅಂದ್ರ ಹದಿನೈದಕ್ಕ ನಡದಿದ್ಲು," ಎಂದು ಗೊಣಗಿ ಜರಡಿ ಕೆಳಗಿಟ್ಟು ಹೋದಳು.

ಕೆರಿಯಪ್ಪ ಮಜ್ಜಿಗೆ ಮುಗಿಸಿ ಮೀಸೆ ಒರೆಸಿಕೊಂಡ. ಕರೆಸಿಕೊಂಡು ಬಂದವನು ಬರಿಗೈಯಲ್ಲಿ ಹೋಗಬಾರದೆಂದೋ ಏನೋ, ಮಧುವನ್ನು ಹತ್ತಿರ ತರಿಸಿ, ಹೆಬ್ಬೆರಳಿನಿಂದ ಅವನ ಮೊಣಕಾಲಿನ ಚಿಪ್ಪು, ಹಿಮ್ಮಡಿ, ಪಾದದ ಕಮಾನು ಒತ್ತಿ ನೋಡಿದ. ಕೂಸು ಒದೆಯಿತು. "ಎಲುವು ಚಲೋ ಅದಾವು. ಒದಿತಾನ. ಕಾರಹುಣ್ಣಿವಿ ತನಕ ನೋಡ್ರಿ. ಆಗಲೂ ನಿಲ್ಲಲಿಲ್ಲ ಅಂದ್ರ ನನ್ನ ಕರೀಬ್ಯಾಡ್ರಿ, ಶಿರಸಿಗೆ ಒಯ್ರಿ," ಎಂದು ಕೋಲು ಊರಿ ಎದ್ದ.

ಅವನು ಹೋದ ಮೇಲೆ ಇಬ್ಬರೂ ಮತ್ತೆ ಹುಣಸೆಹಣ್ಣಿಗೆ ಕೂತರು. ಸಾವಿತ್ರವ್ವನಿಗೆ ಕಲ್ಲು ಎತ್ತಲೂ ಭಯ. ಕಲ್ಲವ್ವ ನಾಲ್ಕು ಹಣ್ಣು ಬಿಡಿಸಿ, ಐದನೆಯದಕ್ಕೆ ಕೈ ಹಾಕುವಾಗ ಕೇಳಿದಳು:

"ಹಲ್ಲು? ಹಲ್ಲರ ಏಳಕ್ಕ ಬಂದದ್ದು ಖರೇ ಏನು?"

"ಹತ್ತಕ್ಕ ಬಂದ್ವುರಿ. ಕೆಳಗಿಂದು ಒಂದ ಮೊದಲ ಬಂತು. ಅದರಿಂದ ನನ್ನ ಕೈಬಳಿ ಕಚ್ಚತಿದ್ಲು."

"ಕುಂತಿದ್ದು?"

"ಎಂಟರಾಗ. ಕುಂದರ್ಸಿದ್ರ ಎಡಕ್ಕ ವಾಲ್ತಿದ್ಲು. ಒಂದು ಕಡೆ ಅಕ್ಕಿ ಚೀಲಾ ಇಟ್ಟಿರ್ತಿದ್ದೆ."

ಕಲ್ಲವ್ವ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ತಾನು ಕಾಣದ ಆ ಹದಿನಾಲ್ಕು ತಿಂಗಳಲ್ಲಿ ಒಂದು ಕೂಸು ಎಡಕ್ಕೆ ವಾಲಿ ವಾಲಿ ಕೂರುವುದನ್ನು ಕಲಿತಿತ್ತೆಂಬುದು ಅವಳಿಗೆ ಈಗ ಗೊತ್ತಾಗುತ್ತಿತ್ತು.

"ಮಗುಚಿದ್ದರಿಂದ ಹೇಳು," ಎಂದಳು. "ಸಾವಕಾಶ ಹೇಳು. ಒಂದೂ ಬಿಡಬ್ಯಾಡ."