ದ್ವೀಪ ಕಾಣದ ಹನ್ನೆರಡು ದಿನ

ಉತ್ತರದ ಹಿಮನಾಡಿನ ನಮ್ಮ ಸಿಯುರಾಕ್‌ನಲ್ಲಿ ವಿಮಾನ ಬರುತ್ತದೋ ಇಲ್ಲವೋ ಎಂದು ತಿಳಿಯಲು ಯಾರೂ ಗಡಿಯಾರ ನೋಡುವುದಿಲ್ಲ. ಕೊಲ್ಲಿಯ ನಡುವೆ ಇರುವ ಬೋಳು ದ್ವೀಪವನ್ನು ನೋಡುತ್ತಾರೆ. ದ್ವೀಪ ಕಂಡರೆ ವಿಮಾನ, ಕಾಣದಿದ್ದರೆ ಮನೆಗೆ ಹೋಗಿ ಚಹಾ ಕಾಯಿಸಬೇಕು. ಈ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೂರನೆಯ ತರಗತಿಗೆ ಪಾಠ ಹೇಳುತ್ತಿರುವ ನಾನು ಕರಿಹಲಗೆಗಿಂತ ಹೆಚ್ಚಾಗಿ ಆ ದ್ವೀಪವನ್ನೇ ನೋಡಿದ್ದೇನೆ. ಪಠ್ಯಪುಸ್ತಕ, ಈರುಳ್ಳಿ, ಹಲ್ಲಿನ ಡಾಕ್ಟರು, ಹೊಸ ಮೇಷ್ಟ್ರು, ಯಾವುದೇ ಆಗಲಿ ಅದರ ಅಪ್ಪಣೆ ಪಡೆದೇ ಇಳಿಯಬೇಕು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ.

ಜನವರಿಯ ಕೊನೆಯ ಸೋಮವಾರ ದಕ್ಷಿಣದ ನಗರದ ಆಸ್ಪತ್ರೆಯಿಂದ ಫೋನು ಬಂತು. ಶ್ವಾಸಕೋಶ ಹಾಳಾಗಿದ್ದ ಅವ್ವನನ್ನು ಕ್ರಿಸ್‌ಮಸ್ಸಿಗೆ ಮುಂಚೆಯೇ ಅಲ್ಲಿಗೆ ಕಳಿಸಿದ್ದೆವು. ಜೊತೆಗೆ ಹೋದ ಹೆಂಗಸು ಹಬ್ಬಕ್ಕೆಂದು ವಾಪಸು ಬಂದವಳು ಮತ್ತೆ ಹೋಗಲಿಲ್ಲ. ನಾನು ಹೋಗಬೇಕಿತ್ತು. ಬದಲಿ ಟೀಚರ್ ಸಿಗಲಿಲ್ಲ, ಈಸ್ಟರ್ ರಜೆಗೆ ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಊರವರ ಮಕ್ಕಳಿಗೆ ಗುಣಾಕಾರ ಕಲಿಸುತ್ತಾ ಹೆತ್ತವಳನ್ನು ಪರವೂರಿನ ಹಾಸಿಗೆಯಲ್ಲಿ ಬಿಟ್ಟವಳು ನಾನು. ಈ ಮಾತನ್ನು ಬೇರೆ ಯಾರಾದರೂ ಹೇಳಿದರೆ ಜಗಳಕ್ಕೆ ಬೀಳುತ್ತೇನೆ, ಆದರೆ ನಿಜ.

"ಬರೋದಾದ್ರೆ ಈಗಲೇ ಬನ್ನಿ" ಎಂದಳು ನರ್ಸು. "ಒಂದು ವಾರ, ಹೆಚ್ಚೆಂದ್ರೆ ಹತ್ತು ದಿನ."

ಅವಳು ಫೋನನ್ನು ಅವ್ವನ ಕಿವಿಗೆ ಹಿಡಿದಳು. "ಅವ್ವಾ, ಊಟ ಸೇರ್ತಿದೆಯಾ? ಮನೇಲಿ ಮೀನು ಹೆಪ್ಪುಗಟ್ಟಿಸಿ ಇಟ್ಟಿದೀನಿ, ತರಲಾ?" ಆ ಕಡೆಯಿಂದ ಬರೀ ಗೊರಗೊರ. ಇನ್ನೊಂದು ಸಲ ಕೇಳಿದೆ. ಮತ್ತೆ ಗೊರಗೊರ. ಆಮೇಲೆ ನರ್ಸು ಗಾಬರಿಯಿಂದ, "ನಿಮ್ಮ ತಾಯಿ ಏನೂ ಹೇಳ್ತಿಲ್ಲ. ಹುಬ್ಬು ಮಾತ್ರ ಮೇಲಕ್ಕೆ ಏರಿಸ್ತಾ ಇದಾರೆ. ಎಲ್ಲಾದ್ರೂ ನೋವಾಗ್ತಿದೆಯೋ ಏನೋ" ಎಂದಳು.

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. "ನೋವಲ್ಲ ತಾಯಿ, ಅದು ಹೂಂ ಅಂತ. ನಮ್ಮ ಜನಕ್ಕೆ ಹೂಂ ಅನ್ನೋಕೆ ಬಾಯಿ ಬೇಕಿಲ್ಲ, ಹುಬ್ಬು ಸಾಕು. ಬೇಡ ಅಂದ್ರೆ ಮೂಗು ಸುಕ್ಕಿಸ್ತಾಳೆ, ನೋಡ್ಕೊಳ್ಳಿ." ಮತ್ತೆ ಅವ್ವನಿಗೆ ಕೊಡಿ ಎಂದು ಹೇಳಿ, "ಫೋನಲ್ಲಿ ಹುಬ್ಬು ಕಾಣ್ತದೇನೇ ಅವ್ವಾ? ಎಪ್ಪತ್ತಾರು ತುಂಬಿದ್ರೂ ಬುದ್ಧಿ ಬರ್ಲಿಲ್ಲ ನಿಂಗೆ" ಎಂದು ರೇಗಿಸಿದೆ.

ಆಗ ಅವ್ವ ಬಾಯಿ ಬಿಟ್ಟಳು. "ಕಾಣ್ದಿದ್ರೆ ಇಲ್ಲಿಗೆ ಬಂದು ನೋಡು."

ಅವಳು ನನಗೆ ಹೇಳಿದ ಕೊನೆಯ ಮಾತು ಅದು. ಆ ದಿನ ಗೊತ್ತಿರಲಿಲ್ಲ, ನಗುತ್ತಲೇ ಫೋನಿಟ್ಟೆ.

ಮಂಗಳವಾರ ಬೆಳಿಗ್ಗೆ ಕಿಟಕಿಯ ಹೊರಗೆ ಪಕ್ಕದ ಮನೆಯೂ ಕಾಣಲಿಲ್ಲ. ವಾಯವ್ಯದ ಗಾಳಿ ಎದ್ದಿತ್ತು. ನೆಲದ ಹಿಮವನ್ನೆಲ್ಲ ಬಾಚಿ ಎತ್ತಿ ಊರಿನ ಮೇಲೆ ಸುರಿಯುತ್ತಿತ್ತು. ಆದರೂ ನಾನು ಮೀನಿನ ಪೆಟ್ಟಿಗೆಯನ್ನೂ ಬಟ್ಟೆಯ ಚೀಲವನ್ನೂ ಹೊತ್ತು ವಿಮಾನ ಇಳಿಯುವ ಪಟ್ಟಿಯ ಹತ್ತಿರ ಹೋದೆ. ಅಲ್ಲೊಂದು ಹಳದಿ ಗುಡಿಸಲಿನಂಥ ಕಟ್ಟಡವಿದೆ. ಒಳಗೆ ಒಂದು ರೇಡಿಯೋ, ಒಂದು ಒಲೆ, ಮತ್ತು ನಮ್ಮ ಸೋದರಮಾವ ಕಪಿಕ್. ಗಂಟೆಗೊಮ್ಮೆ ಹೊರಗೆ ಹೋಗಿ ಎಷ್ಟು ದೂರ ಕಾಣುತ್ತದೆ ಎಂದು ನೋಡಿ ಪೈಲಟ್ಟುಗಳಿಗೆ ತಿಳಿಸುವುದು ಅವನ ಕೆಲಸ. ಎಣ್ಣೆ ಟ್ಯಾಂಕಿ ಕಂಡರೆ ಕಾಲು ಮೈಲಿ, ಚರ್ಚಿನ ಗೋಪುರ ಕಂಡರೆ ಅರ್ಧ, ದ್ವೀಪ ಕಂಡರೆ ಎರಡು. ಎರಡು ಅಂದರೆ ಮಾತ್ರ ಅವರು ಹೊರಡುತ್ತಾರೆ.

"ಏನವ್ವಾ ಟೀಚರಮ್ಮ, ಚೀಲ ಕಟ್ಟಿದ್ದೇ ಬಂತು ಭಾಗ್ಯ" ಎಂದ ಮಾವ. "ನಂಗೆ ನನ್ನ ಬೂಟೇ ಕಾಣ್ತಿಲ್ಲ. ಕೂತ್ಕೋ, ಚಹಾ ಕುಡಿ."

"ನಾಳೆ?"

ಅವನು ಹೆಗಲು ಕುಣಿಸಿದ. ನಾಳೆಯ ಬಗ್ಗೆ ಮಾತಾಡುವವನನ್ನು ನಮ್ಮೂರಿನಲ್ಲಿ ಸ್ವಲ್ಪ ದಡ್ಡ ಎಂದೇ ಎಣಿಸುತ್ತಾರೆ.

ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಪಕ್ಕದ ಊರಿಗೆ ಹೋಗಿ ಅಲ್ಲಿಂದ ವಿಮಾನ ಹಿಡಿಯಬಹುದಿತ್ತು, ಗಾಳಿಯಿಲ್ಲದಿದ್ದರೆ ಮೂರು ದಿನ. ಗಾಳಿಯಲ್ಲಿ ಹೊರಟವರನ್ನು ಬೇಸಿಗೆಯಲ್ಲಿ ಹುಡುಕಬೇಕು. ಕರೆದುಕೊಂಡು ಹೋಗುತ್ತೀರಾ ಎಂದು ಇಬ್ಬರನ್ನು ಕೇಳಿದೆ. ಇಬ್ಬರೂ ನೆಲ ನೋಡಿದರು. ನಾನೂ ಮತ್ತೆ ಕೇಳಲಿಲ್ಲ.

ಹಾಗಾಗಿ ಶಾಲೆಗೆ ವಾಪಸಾದೆ. ಸೋಮವಾರ ಮಕ್ಕಳು ಬಣ್ಣಬಣ್ಣದ ಕಾಗದದಲ್ಲಿ 'ಹೋಗಿ ಬನ್ನಿ ಟೀಚರ್' ಎಂದು ಬರೆದುಕೊಟ್ಟಿದ್ದರು. ಬುಧವಾರ ಮತ್ತೆ ಹೊಸದು ಬರೆದರು. ಮೂರನೆಯ ಸಲದ ಹೊತ್ತಿಗೆ ಅವರಿಗೂ ಬೇಜಾರು ಹಿಡಿದು ಹಳೆಯದರ ಮೇಲಿನ ತಾರೀಕು ಮಾತ್ರ ತಿದ್ದಿಕೊಟ್ಟರು. ಸೀಮೀ ಎಂಬ ತುಂಟಿ ಎದ್ದು ನಿಂತು, "ಟೀಚರ್, ನೀವು ಹೋಗಲ್ಲ ಅಂದ್ರೆ ಆ ಮೀನು ನಾವು ತಿನ್ನಬಹುದಾ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ಮೇಜು ಕುಟ್ಟಿ ಗದರಿಸಿದೆ. ಆಮೇಲೆ ಅವಳನ್ನು ಕರೆದು ತಲೆ ಸವರಿದೆ, ಅವಳ ತಪ್ಪೇನಿತ್ತು?

ಶುಕ್ರವಾರ ಮಧ್ಯಾಹ್ನ ಗಾಳಿ ಸ್ವಲ್ಪ ಇಳಿಯಿತು. ದ್ವೀಪದ ಬುಡ ಮಸುಕಾಗಿ ಕಂಡಿತು. ಕಪಿಕ್ ಮಾವ ಹಾಗೆಯೇ ಹೇಳಿದ, ಪೈಲಟ್ಟು ನೋಡೋಣ ಎಂದು ಹೊರಟ. ಪಟ್ಟಿಯ ಪಕ್ಕದಲ್ಲಿ ಚೀಲ ಹಿಡಿದು ನಿಂತವಳಿಗೆ ಇಂಜಿನಿನ ಸದ್ದು ಕೇಳಿಸಿತು, ತಲೆಯ ಮೇಲೆಯೇ. ಅಷ್ಟರಲ್ಲಿ ದ್ವೀಪ ಮತ್ತೆ ಮುಚ್ಚಿಹೋಗಿತ್ತು. ವಿಮಾನ ಮೋಡದೊಳಗೆ ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು. ನಾನು ಮೇಲೆ ನೋಡುತ್ತಾ, "ಇಳಿಯೋ, ಇಳಿಯೋ ಮಾರಾಯ" ಎಂದು ಗಟ್ಟಿಯಾಗಿ ಕೂಗಿದೆ. ಸದ್ದು ದಕ್ಷಿಣದ ಕಡೆ ಸರಿದು ಸಣ್ಣದಾಯಿತು. ಕಣ್ಣಿಗೆ ಒಂದು ರೆಕ್ಕೆಯೂ ಕಾಣಲಿಲ್ಲ. ಅಳು ಬಂತು. ಆ ಚಳಿಯಲ್ಲಿ ಅಳಬಾರದು, ಕಣ್ಣೀರು ಹೆಪ್ಪುಗಟ್ಟಿ ರೆಪ್ಪೆ ಅಂಟಿಕೊಳ್ಳುತ್ತದೆ. ಆದರೂ ಅತ್ತೆ.

ಶನಿವಾರ ಭಾನುವಾರ ಮತ್ತೆ ಗಾಳಿ. ನರ್ಸು ದಿನವೂ ಫೋನು ಮಾಡುತ್ತಿದ್ದಳು. ಶಾಲೆಯ ಫೋನು ಕೆಟ್ಟಿದ್ದರಿಂದ ಮಾವನ ಹಳದಿ ಕಟ್ಟಡದ ನಂಬರು ಕೊಟ್ಟಿದ್ದೆ. ಅವ್ವ ಈಗ ಕಣ್ಣು ತೆರೆಯುವುದು ಕಡಿಮೆ, ನಿದ್ದೆ ಜಾಸ್ತಿ ಎನ್ನುತ್ತಿದ್ದಳು.

ಎರಡನೆಯ ಮಂಗಳವಾರ, ಅಂದರೆ ಒಂಬತ್ತನೆಯ ದಿನ, ಊಟದ ಬಿಡುವಿನಲ್ಲಿ ಮಾವನ ಹತ್ತಿರ ಹೋದೆ. ನಿದ್ದೆಗೆಟ್ಟು ತಲೆ ಚಿಟ್ಟು ಹಿಡಿದಿತ್ತು. ಬಾಗಿಲು ಹಾಕಿಕೊಂಡು ನೇರವಾಗಿ ಕೇಳಿದೆ. "ಮಾವ, ದ್ವೀಪ ಕಾಣ್ತಿದೆ ಅಂತ ಹೇಳು."

"ಚರ್ಚೇ ಕಾಣ್ತಿಲ್ಲ ಕಣೇ."

"ಕಾಣ್ತಿದೆ ಅಂತ ಹೇಳು. ಹೊರಟು ಬರ್ಲಿ. ಬರೋ ಹೊತ್ತಿಗೆ ಗಾಳಿ ಬಿಟ್ರೂ ಬಿಡಬಹುದು."

"ಬಿಡದಿದ್ರೆ?"

"ನಿನ್ನ ಅಕ್ಕ ಅಲ್ವಾ ಅವಳು? ನಿಂಗೇನೂ ಅನ್ಸಲ್ವಾ?"

ಅವನು ಒಲೆಯ ಮೇಲಿಂದ ಕೆಟಲು ಇಳಿಸಿ ನನ್ನ ಕಡೆ ತಿರುಗಿದ. ಕೋಪ ಬಂದರೆ ಮಾವನ ದನಿ ಏರುವುದಿಲ್ಲ, ಇಳಿಯುತ್ತದೆ. "ನನ್ನನ್ನ ಬೆನ್ನ ಮೇಲೆ ಹೊತ್ತು ಬೆಳೆಸಿದ ಅಕ್ಕ. ಆ ವಿಮಾನದಲ್ಲಿ ಹನ್ನೊಂದು ಜನ ಇರ್ತಾರೆ ಉಲಾಯು. ಅವರಿಗೂ ಅಕ್ಕಂದಿರು ಇರ್ತಾರೆ. ಇನ್ನೊಂದು ಸಲ ಈ ಮಾತು ಆಡ್ಬೇಡ."

ನಾನು ಬೆಂಚಿನ ಮೇಲೆ ಕೂತೆ. ಅವನು ನನ್ನ ಮುಂದೆ ಚಹಾ ಇಟ್ಟ, ಮೂರು ಚಮಚ ಸಕ್ಕರೆ ಹಾಕಿದ, ಎದುರಿನಲ್ಲೇ ಕೂತ. ಆಗ ಫೋನು ಬಂತು.

ಈ ಸಲ ನರ್ಸಲ್ಲ, ಡಾಕ್ಟರು. ನಿಧಾನವಾಗಿ ಮಾತಾಡುವ ಮನುಷ್ಯ. "ನಿಮ್ಮ ತಾಯಿಗೆ ಈಗ ಎಚ್ಚರ ಇಲ್ಲ. ಉಸಿರಾಟದ ಯಂತ್ರ ಹಾಕಿದರೆ ಮೂರು ನಾಲ್ಕು ದಿನ ಉಳಿಸಬಹುದು. ಗುಣ ಆಗೋದಿಲ್ಲ, ನೀವು ಬಂದು ಮುಟ್ಟೋವರೆಗೆ ಇರ್ತಾರೆ, ಅಷ್ಟೇ. ಹಾಕದಿದ್ದರೆ ನೋವಾಗದ ಹಾಗೆ ನಾವು ನೋಡಿಕೊಳ್ತೀವಿ. ಮಗಳು ನೀವು, ನೀವೇ ಹೇಳಬೇಕು. ಯಂತ್ರ ಹಾಕೋಣವೇ?"

ಯೋಚಿಸುವುದು ಏನಿತ್ತು? ಶುಕ್ರವಾರ ಹೇಗಾದರೂ ದ್ವೀಪ ಕಾಣುತ್ತದೆ, ಶನಿವಾರ ನಾನು ಅವಳ ಕೈ ಹಿಡಿದಿರುತ್ತೇನೆ. ನಾನು ಹೂಂ ಅಂದೆ.

"ಕೇಳಿಸ್ತಿದೆಯೇ? ಹಾಕೋಣವೇ?" ಎಂದು ಅವರು ಮತ್ತೆ ಕೇಳಿದರು.

ಮತ್ತೆ ಹೂಂ ಅಂದೆ. ಕಣ್ಣು ತುಂಬಿ ಎದುರಿಗಿದ್ದ ಮಾವ ಕೂಡ ಮಸುಕಾಗಿದ್ದ. ಅವರು "ಸರಿ, ಅರ್ಥವಾಯಿತು. ಇಂಥದ್ದು ಯಾರಿಗೂ ಸುಲಭ ಅಲ್ಲ" ಎಂದು ಹೇಳಿ ಫೋನಿಟ್ಟರು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ.

ಆ ದಿನ ಎಂಟು ದಿನದ ನಂತರ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಮಕ್ಕಳಿಗೆ ಕಥೆ ಹೇಳಿದೆ. ಯಂತ್ರದ ಪಕ್ಕ ಅವ್ವ ಹೇಗೆ ಮಲಗಿರಬಹುದು, ಹೋದ ಕೂಡಲೆ ಮೊದಲು ತಲೆ ಬಾಚಬೇಕು, ಆಮೇಲೆ ಮೀನಿನ ಒಂದು ಸಣ್ಣ ಚೂರನ್ನು ತುಟಿಗೆ ತಾಗಿಸಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ.

ಬುಧವಾರ ಬೆಳಿಗ್ಗೆ ಮಾವನೇ ಶಾಲೆಗೆ ಬಂದು ತರಗತಿಯ ಬಾಗಿಲಲ್ಲಿ ನಿಂತ. ಬಾ ಎಂದು ಕೈಸನ್ನೆ ಮಾಡಿದ. ಗಾಳಿಗೆ ಬೆನ್ನು ಕೊಟ್ಟು ದಾರಿ ತಪ್ಪದಿರಲೆಂದು ಕಟ್ಟಿದ್ದ ಹಗ್ಗ ಹಿಡಿದು ಇಬ್ಬರೂ ನಡೆದೆವು. ಡಾಕ್ಟರು ಫೋನಿನಲ್ಲಿ ಕಾಯುತ್ತಿದ್ದರು. ಬೆಳಗಿನ ಜಾವ ಅವ್ವ ಹೋಗಿದ್ದಳು, ನೋವಿಲ್ಲದೆ.

"ಯಂತ್ರ ಇತ್ತಲ್ಲ?" ಎಂದೆ.

"ಇಲ್ಲಮ್ಮ, ಹಾಕಲಿಲ್ಲ. ನಿಮ್ಮ ಇಷ್ಟದ ಹಾಗೇ ಮಾಡಿದೆವು."

"ನಾನು ಹಾಕಿ ಅಂತ ಹೇಳಿದೆ!"

ಆ ಕಡೆ ಕಾಗದ ಮಗುಚುವ ಸದ್ದು. ಅವರ ದನಿ ಇನ್ನೂ ಮೆತ್ತಗಾಯಿತು. "ಎರಡು ಸಲ ಕೇಳಿದೆ. ನೀವು ಏನೂ ಹೇಳಲಿಲ್ಲ. ಬೇಡ ಅನ್ನೋ ಮಾತು ಮಕ್ಕಳ ಬಾಯಲ್ಲಿ ಬರೋದು ಕಷ್ಟ, ತುಂಬ ಜನ ಹಾಗೇ ಸುಮ್ಮನಾಗ್ತಾರೆ. ಅದಕ್ಕೇ ಮೂರನೇ ಸಲ ಕೇಳಿ ನೋಯಿಸೋದು ಬೇಡ ಅಂದುಕೊಂಡೆ."

ನಾನು ಫೋನು ಕೆಳಗಿಟ್ಟೆ. ಮೈಯೆಲ್ಲ ಉರಿಯುತ್ತಿತ್ತು. "ಸುಳ್ಳು ಹೇಳ್ತಾನೆ ಮಾವ ಆ ಡಾಕ್ಟರು. ನಾನು ಏನೂ ಹೇಳ್ಲಿಲ್ವಂತೆ. ಎರಡು ಸಲ ಹೂಂ ಅಂದೆ. ನೀನು ಇಲ್ಲೇ ಕೂತಿದ್ದೆ."

"ಅಂದೆ ಕಣೇ, ನಾನೇ ಸಾಕ್ಷಿ" ಎಂದು ಮಾವ ಎದ್ದು ನಿಂತ. ಅವನಿಗೂ ರೋಷ ಉಕ್ಕಿತ್ತು. "ಎರಡು ಸಲ ಅಂದಿದ್ದು ನಾನು ಈ ಕಣ್ಣಲ್ಲಿ ನೋಡಿದೀನಿ. ಕೊಡು ಫೋನು, ನಾನು ಮಾತಾಡ್ತೀನಿ ಆ ಡಾಕ್ಟರ ಹತ್ರ."

ಫೋನಿಗೆ ಚಾಚಿದ ಅವನ ಕೈ ಅಲ್ಲೇ ನಿಂತಿತು.

"ನೋಡಿದ್ದು ಸರಿ ಮಾವ" ಎಂದೆ. "ಕೇಳಿದ್ಯಾ?"

ಮಾವ ಮೆಲ್ಲಗೆ ಕೂತ, ಎರಡು ಕೈಯಲ್ಲೂ ಹಣೆ ಹಿಡಿದುಕೊಂಡ. ಆ ಬೆಂಚು, ಆ ಚಹಾದ ಲೋಟ, ಫೋನಿನ ಮುಂದೆ ಹುಬ್ಬು ಏರಿಸಿ ಕೂತಿದ್ದ ನಾನು, ಎಲ್ಲ ನನಗೆ ಆಗ ಹೊರಗಿನವರಿಗೆ ಕಂಡ ಹಾಗೆ ಕಂಡಿತು. ಒಂಬತ್ತು ದಿನದ ಹಿಂದೆ ಇದಕ್ಕೇ ಅವ್ವನನ್ನು ಗೇಲಿ ಮಾಡಿ ನಕ್ಕಿದ್ದೆ. ನರ್ಸಿಗೆ ಪಾಠ ಹೇಳಿಕೊಟ್ಟಿದ್ದೆ. ಇಪ್ಪತ್ತೆರಡು ವರ್ಷದ ಟೀಚರು, ಎರಡು ಭಾಷೆ ಬಲ್ಲವಳು, ಒಂದು ಅಕ್ಷರ ಬಾಯಿಂದ ಹೊರಡಿಸಲಿಲ್ಲ.

ಶುಕ್ರವಾರ ದ್ವೀಪ ಚೊಕ್ಕವಾಗಿ ಕಂಡಿತು. ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು, ಈರುಳ್ಳಿಯನ್ನೂ ಹಾಲಿನ ಪುಡಿಯನ್ನೂ ಇಳಿಸಿ, ನನ್ನ ಹೆಸರಿನ ಸೀಟು ಖಾಲಿ ಇಟ್ಟುಕೊಂಡೇ ಹೋಯಿತು. ನಾನು ಪಟ್ಟಿಯ ಕಡೆ ಹೋಗಲೇ ಇಲ್ಲ. ಯಂತ್ರ ಹಾಕಿದ್ದರೆ ಅವ್ವ ಆ ದಿನಕ್ಕೆ ಇರುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಇರುತ್ತಿದ್ದಳು ಎಂದೇ ನನ್ನ ಜೀವ ಹೇಳುತ್ತದೆ.

ಮುಂದಿನ ಮಂಗಳವಾರ ಅವ್ವ ಬಂದಳು. ಆಕಾಶ ತಿಳಿಯಾಗಿತ್ತು, ಚಳಿಗಾಲದ ಕತ್ತಲೆ ಮುಗಿಸಿ ಬಂದ ಹೊಸ ಸೂರ್ಯ ಬೆಟ್ಟದ ಅಂಚಿನಲ್ಲಿ ಅರ್ಧ ಗಂಟೆಯ ಮಟ್ಟಿಗೆ ಮುಖ ತೋರಿಸುತ್ತಿದ್ದ. ಊರಿಗೆ ಊರೇ ಪಟ್ಟಿಯ ಬಳಿ ಸೇರಿತ್ತು, ನನ್ನ ತರಗತಿಯ ಮಕ್ಕಳೂ ಇದ್ದರು. ಗಂಡಸರು ಅವ್ವನ ಪೆಟ್ಟಿಗೆಯನ್ನು ಇಳಿಸಿ, ಹಿಮದ ಮೇಲೆ ಎಳೆಯುವ ಸ್ಲೆಡ್ಜಿನ ಮೇಲಿಟ್ಟು ಹಗ್ಗ ಬಿಗಿಯುತ್ತಿದ್ದರು. ಹೊಸಬನಂತೆ ಕಂಡ ಎಳೆಯ ಪೈಲಟ್ಟು ಕಾಗದ ಹಿಡಿದು ನನ್ನ ಹತ್ತಿರ ಬಂದ. ಕಾಗದದಲ್ಲಿದ್ದ ಹೆಸರನ್ನು ತಡವರಿಸಿ ಓದಿ, "ನೀವು ಇವರ ಮಗಳೇ?" ಎಂದು ಕೇಳಿದ.

ನನ್ನ ಹುಬ್ಬು ತಾನಾಗಿ ಮೇಲೇರಿತು. ಅವನು ಅರ್ಥವಾಗದೆ ನನ್ನ ಮುಖವನ್ನೇ ನೋಡುತ್ತಾ ನಿಂತ.

"ಹೂಂ" ಎಂದೆ, ಬಾಯಿ ಬಿಟ್ಟು.

ಅವನು ತಲೆಯಾಡಿಸಿ ಸಹಿ ಮಾಡುವ ಜಾಗ ತೋರಿಸಿದ. ನಾನು ಕಾಗದ ಮುಟ್ಟಲಿಲ್ಲ. ಸ್ಲೆಡ್ಜಿನ ಕಡೆ ತಿರುಗಿ ಇನ್ನೊಂದು ಸಲ ಹೂಂ ಎಂದೆ, ಮೊದಲಿಗಿಂತ ಜೋರಾಗಿ. ಆಮೇಲೆ ಇನ್ನೊಂದು ಸಲ. ಹಗ್ಗ ಕಟ್ಟುತ್ತಿದ್ದವರ ಕೈ ನಿಂತಿತು. ಕಪಿಕ್ ಮಾವ ಬಂದು ನನ್ನನ್ನು ಎರಡು ತೋಳಿನಲ್ಲಿ ಬಿಗಿಯಾಗಿ ಹಿಡಿದುಕೊಳ್ಳುವವರೆಗೂ ನಾನು ಅದನ್ನೇ ಕೂಗುತ್ತಿದ್ದೆನಂತೆ.