ಟಗರು ಹಾಕಿದ ಮರಿ

ಎಂಬತ್ತೊಂಬತ್ತನೇ ಇಸವಿಯಲ್ಲಿ ಕುರಿ ಸಾಕುವವರ ಸಂಘದ ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಎಂಬ ನಾಲ್ಕು ತಾಲ್ಲೂಕು ಶಾಖೆಗೂ ಒಂದೊಂದು ಕಂಪ್ಯೂಟರ್ ಬಂತು. ಯಾವ ಕುರಿಗೆ ಯಾವಾಗ ಲಸಿಕೆ ಎಂದು ಹೇಳುವ ಪ್ರೋಗ್ರಾಂ ಬರೆದವನು ಮಧುಗಿರಿಯ ಮೂಡಲಗಿರಿಯಪ್ಪ. ಓದಿದ್ದು ಬಿ.ಎಸ್ಸಿ., ಹುಟ್ಟಿನಿಂದ ಬಂದದ್ದು ಯಾರ ದನಿಯನ್ನಾದರೂ ಅಣಕಿಸುವ ಗಂಟಲು. ಉಳಿದ ಮೂರು ಶಾಖೆಗೂ ಫ್ಲಾಪಿಯಲ್ಲಿ ಒಂದೊಂದು ಪ್ರತಿ ಮಾಡಿ ಬಸ್ಸಿನಲ್ಲಿ ಕಳಿಸಿದ. ಕಳಿಸುವಾಗ, "ನಿಮಗೆ ಬೇಕಾದಂಗೆ ತಿದ್ಕಳಿ" ಎಂದುಬಿಟ್ಟಿದ್ದ.

ತಿದ್ದಿಕೊಂಡರು. ಆರು ತಿಂಗಳಲ್ಲಿ ಪ್ರೋಗ್ರಾಂಗೆ ಶಿರಾದಲ್ಲೊಂದು ಕೊಂಬು, ಪಾವಗಡದಲ್ಲೊಂದು ಕೊಂಬು ಮೂಡಿತ್ತು.

ಸಂಘದ ತುಮಕೂರು ಕಚೇರಿಯಿಂದ ವೆಂಕಟರಾಮಯ್ಯ ಸಾಹೇಬರು ಪತ್ರ ಹಾಕಿದರು: ಸೋಮವಾರ ಮಧ್ಯಾಹ್ನ ಬರುತ್ತೇನೆ, ನಾಲ್ಕು ತಾಲ್ಲೂಕಿಗೂ ಒಂದೇ ಪ್ರೋಗ್ರಾಂ ಇರಬೇಕು, ಇಲ್ಲವಾದರೆ ಈ ಕೆಲಸ ಬೇರೆಯವರಿಗೆ. ಮೂಡಲಗಿರಿಯಪ್ಪ ಅವತ್ತೇ ಕೆಲಸಕ್ಕೆ ಕೂತ. ಶಿರಾದ ಮತ್ತು ಪಾವಗಡದ ಫ್ಲಾಪಿ ತರಿಸಿ, ಅವರ ತಿದ್ದುಪಡಿಗಳನ್ನೆಲ್ಲ ತನ್ನ ಮೂಲಪ್ರತಿಯ ಮೇಲೇ ಎಪ್ಪತ್ತು ಕಡೆ ಬೆಸೆದ.

ಸೋಮವಾರ ಬೆಳಿಗ್ಗೆ ಹತ್ತಕ್ಕೇ ಮೂರು ಊರಿನವರೂ ಮಧುಗಿರಿಗೆ ಬಂದರು. ಕೊರಟಗೆರೆಯ ಮಹಾಲಕ್ಷ್ಮಮ್ಮ ತಮ್ಮ ಫ್ಲಾಪಿಯನ್ನು ರವಿಕೆ ಕಣದಲ್ಲಿ ಸುತ್ತಿ ತಂದಿದ್ದರು.

"ಗೊರವನಹಳ್ಳಿ ಅಮ್ಮನ ಮುಂದಿಟ್ಟು ಪೂಜೆ ಮಾಡ್ಸಿದ್ದೀನಿ. ಅದರದೊಂದು ನಕಲಲ್ಲೇ ಕೆಲ್ಸ ಮಾಡ್ಕಂಡಿದ್ದೀನಿ. ಇದರಲ್ಲಿ ಒಂದಕ್ಷರ ಮುಟ್ಟಿಲ್ಲ ಕಣಪ್ಪ."

"ಮುಟ್ಟದೇ ಇರೋಕೆ ಮಡಿ ಫ್ಲಾಪಿನಾ? ಏನ್ ವರ ಕೊಡ್ತು?" ಎಂದ ಮೂಡಲಗಿರಿಯಪ್ಪ. ಎಲ್ಲರೂ ನಕ್ಕರು. ಮಹಾಲಕ್ಷ್ಮಮ್ಮ ಕಣವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಪರೀಕ್ಷೆಗೆಂದು ಮದಲೂರಿನ ಯತ್ತಪ್ಪನ ಟಗರನ್ನು ಕಂಪ್ಯೂಟರಿನ ಲೆಕ್ಕಕ್ಕೆ ಸೇರಿಸಿದರು. ಪರದೆಯಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ ಮೂಡಿತು: 'ಟಗರು. ಮರಿ ಒಂದು. ಲಸಿಕೆ ಖಲಾಸ್.'

"ಖಲಾಸ್ ನಂದು," ಎಂದ ಶಿರಾದ ಚನ್ನಮಲ್ಲಯ್ಯ ಹೆಮ್ಮೆಯಿಂದ. "ಮರಿ ನಂದಲ್ಲಪ್ಪ."

"ಟಗರು ಮರಿ ಹಾಕಿ ಖಲಾಸ್ ಆಗೋಯ್ತು. ಬಾಣಂತನ ಯಾರ್ ಮಾಡೋರು?" ಎಂದರು ಮಹಾಲಕ್ಷ್ಮಮ್ಮ.

ಇನ್ನೊಂದು ಟಗರು ಸೇರಿಸಿದರು. ಅದೂ ಹೆತ್ತಿತು. ಗಡಿಯಾರ ಹತ್ತೂವರೆ ಹೊಡೆಯಿತು. ಕೆಲಸ ತನ್ನ ಕೈತಪ್ಪಿ ತುಮಕೂರು ರಸ್ತೆ ಹಿಡಿಯುವುದು ಮೂಡಲಗಿರಿಯಪ್ಪನ ಕಣ್ಣಿಗೆ ಕಟ್ಟಿತು. ಪ್ರೋಗ್ರಾಂನ ಯಾವ ಸಾಲು ಯಾರದ್ದೋ ಅವರ ದನಿಯಲ್ಲೇ ಓದಿಕೊಳ್ಳುವುದು ಅವನ ರೂಢಿ. ಚನ್ನಮಲ್ಲಯ್ಯನ ಸಾಲುಗಳನ್ನು ಮೂಗಿನಲ್ಲಿ ಓದಿದ. ಪಾವಗಡದ ಕದಿರಯ್ಯನ ಸಾಲಿಗೆ ಬಂದಾಗ ದನಿ ತಾನೇ ತಾನಾಗಿ ರಾಗ ಎಳೆದು ಮೇಲೇರಿತು: "ಮರೀ...?"

ಅಲ್ಲೇ ನಿಂತ. ಇದು ಕುರಿಮರಿಯ ಮರಿಯಲ್ಲ.

"ಲೇ ಕದಿರಯ್ಯ, ಈ ಮರಿ ಯಾವ ಭಾಷೆದು?"

"ತೆಲುಗು ಸಾಮಿ. ಒಂದು ಕುರಿ ಅಯಿಪೋತೆ, ಮುಗುದ್ರೆ, ಕಂಪ್ಯೂಟ್ರು 'ಮರಿ?' ಅಂತೈತೆ. ಮತ್ತೆ ಇನ್ನೊಂದು ಐತಾ ಅಂತ. ಇದ್ರೆ ಒಂದು ಒತ್ತೋದು."

ಆ 'ಒಂದ'ನ್ನೇ ಮೂಡಲಗಿರಿಯಪ್ಪ ಕುರಿಮರಿಯ ಖಾನೆಗೆ ಜೋಡಿಸಿದ್ದ.

"ಬಿಚ್ಚಿಬುಡು ಮತ್ತೆ," ಎಂದ ಚನ್ನಮಲ್ಲಯ್ಯ.

"ಎಪ್ಪತ್ತು ಗಂಟು ಕಣ್ಲಾ."

"ಅಸಲು ಪ್ರತಿ ಎಲ್ಲಿ?"

"ಅದರ ಮೇಲೇ ಬರ್ದೆ."

ಎಲ್ಲರ ಕಣ್ಣೂ ಮಹಾಲಕ್ಷ್ಮಮ್ಮನವರ ಮಡಿಲಿನತ್ತ ಹೊರಳಿತು. ಅವರು ಕಣವನ್ನು ಇನ್ನಷ್ಟು ಬಿಗಿ ಹಿಡಿದರು.

"ವರ ಏನ್ ಕೊಡ್ತು ಅಂದ್ಯಲ್ಲಪ್ಪ?"

"ತಪ್ಪಾಯ್ತು ಕಣಮ್ಮ."

"ಕೈ ತೊಳ್ಕಂಡ್ ಬಾ."

ತೊಳೆದುಕೊಂಡು ಬಂದ. ಮೊದಲು ಆ ಫ್ಲಾಪಿಯ ಪ್ರತಿ ತೆಗೆದು, ಅಸಲನ್ನು ಕಣಕ್ಕೇ ಮರಳಿಸಿದ. ಈ ಸಲ ಒಂದು ತಿದ್ದುಪಡಿ ಸೇರಿಸುವುದು, ಟಗರು ಹೆರಲಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು, ಆಮೇಲೆ ಇನ್ನೊಂದು. ಯಾರು ಏನು ಯಾಕೆ ತಿದ್ದಿದರೆಂದು ಮಹಾಲಕ್ಷ್ಮಮ್ಮ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದರು. 'ಖಲಾಸ್' ಹೋಗಿ 'ಆಯಿತು' ಬಂತು, 'ಮರಿ?' ಹೋಗಿ 'ಮತ್ತೆ?' ಬಂತು. ಮತ್ತೊಂದು 'ಮರಿ' ಬೀಳದ ಹಾಗೆ ಅಷ್ಟೂ ಹೊತ್ತು ಬಾಯಿ ಬಿಡಬಾರದೆಂದು ಕದಿರಯ್ಯನಿಗೆ ಕಟ್ಟಪ್ಪಣೆಯಾಗಿತ್ತು.

ಸಾಹೇಬರು ಬಂದರು, ಹತ್ತು ಟಗರು ಸೇರಿಸಿ ನೋಡಿದರು. ಒಂದೂ ಹೆರಲಿಲ್ಲ.

"ಕೆಲಸ ಇಲ್ಲೇ ಇರಲಿ," ಎಂದು ಸಹಿ ಹಾಕಿದರು. "ಎಷ್ಟು ಪ್ರತಿ ಬೇಕು?"

"ನಾಲ್ಕು ಊರಿಗೆ ನಾಲ್ಕು ಸಾರ್," ಎಂದ ಮೂಡಲಗಿರಿಯಪ್ಪ. "ಐದನೇದು ರವಿಕೆ ಕಣಕ್ಕೆ."

ಕದಿರಯ್ಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಚೀಲ ಹೆಗಲಿಗೇರಿಸಿ, ಅಭ್ಯಾಸಬಲದಿಂದ ತೆಲುಗಿನಲ್ಲೇ 'ಬರ್ತೀನಿ' ಎಂದು ಕೈ ಮುಗಿದ: "ಮರಿ, ನೇನು ಒಸ್ತಾ ಸಾಮಿ."

ಮಹಾಲಕ್ಷ್ಮಮ್ಮ ನೋಟ್‌ಬುಕ್ ತೆರೆದು ಬರೆದುಕೊಂಡರು: 'ಕದಿರಯ್ಯ. ಮರಿ ಒಂದು.'