ನೆಂಟರ ನೀರು

ಡಾ. ದೀಪಶ್ರೀಯ ಹೆಸರಿನಲ್ಲಿ ಅರವತ್ತಮೂರು ಸಂಶೋಧನಾ ಪ್ರಬಂಧಗಳಿವೆ. ಅರವತ್ತೆರಡನ್ನು ಅವರೂ ಅವರ ಗೈಡೂ ಮಾತ್ರ ಓದಿದ್ದಾರೆ. ಉಳಿದ ಒಂದನ್ನು ಲೋಕವೇ ಓದಿದೆ. ಬ್ರೆಜಿಲ್‌ನಿಂದ ಹಿಡಿದು ಕೀನ್ಯಾದವರೆಗೆ ಸಾವಿರದ ನೂರ ನಲವತ್ತು ಪ್ರಬಂಧಗಳಲ್ಲಿ ಅದರ ಉಲ್ಲೇಖವಿದೆ.

ಹನ್ನೆರಡು ವರ್ಷದ ಹಿಂದೆ ಚೌಳಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ಇನ್ನೂರ ಹನ್ನೆರಡು ಮನೆಯ ಕುಡಿಯುವ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಹೋಗಿ ಬರೆದದ್ದು ಅದು. ಊರವರ ಹಲ್ಲಿನ ಕಂದು ಕಲೆಗೂ ಮಂಡಿನೋವಿಗೂ ನೀರು ಕಾರಣವಲ್ಲ, ನೀರು ಅಪ್ಪಟ ಶುದ್ಧ ಎಂಬುದು ಸಾರಾಂಶ. ಬಾಟಲಿ ಬಾಟಲಿಯ ಫಲಿತಾಂಶವೂ ಅವಳಿ ಜವಳಿಯಂತೆ ಹೋಲುತ್ತಿತ್ತು. ಪರಿಶೀಲಿಸಿದ ಪಂಡಿತರು ‘ಎಂಥ ಸ್ಥಿರತೆ!’ ಎಂದು ಬೆನ್ನು ತಟ್ಟಿದ್ದರು.

ಬರುವ ಸೋಮವಾರ ಪ್ರೊಫೆಸರ್ ಹುದ್ದೆಯ ಸಂದರ್ಶನ. ತೋರಿಸಲು ಊರಿನದೊಂದು ಹೊಸ ಫೋಟೋ ಇರಲಿ ಎಂದು ದೀಪಶ್ರೀ ತವರೂರು ಅಜ್ಜಂಪುರದಿಂದ ಕಾರು ಹತ್ತಿ ಬಂದು, ರೈತ ಈರಭದ್ರಪ್ಪನ ಜಗಲಿಯಲ್ಲಿ ಕೂತರು.

“ನಿಮ್ಮೂರಿಂದ ಸಾವಿರದ ನೂರ ನಲವತ್ತು ಸೈಟೇಶನ್ ಬಂದಿದೆ ಯಜಮಾನ್ರೇ.”

“ಸೈಟಾ? ಎಲ್ಲಿ ಕೊಟ್ಟವ್ರೆ, ಕಡೂರಲ್ಲಾ ತರೀಕೆರೇಲಾ?”

“ಸೈಟಲ್ಲ. ನಾನು ನಿಮ್ಮೂರ ನೀರಿನ ಬಗ್ಗೆ ಬರ್ದಿದ್ದನ್ನ ಅಷ್ಟು ಜನ ತಮ್ಮ ಪೇಪರಲ್ಲಿ ಹಾಕ್ಕೊಂಡಿದ್ದಾರೆ.”

ಈರಭದ್ರಪ್ಪ ಬಾಯಿ ತೆರೆದ. ಕಂದು ಹಲ್ಲು ಕಂಡವು. “ಪಂಚಾಯ್ತಿ ಎಲೆಕ್ಷನ್ನಾಗೆ ಗೆದ್ದೋನ್ಗೂ ಅಷ್ಟು ಓಟು ಬಿದ್ದಿಲ್ಲ ಕಣವ್ವಾ!”

ಬಾಯಾರಿದ ದೀಪಶ್ರೀ ಬಾಗಿಲ ಬಳಿಯಿದ್ದ ಪ್ಲಾಸ್ಟಿಕ್ ಕೊಡಕ್ಕೆ ಲೋಟ ಅದ್ದಿದರು. ಈರಭದ್ರಪ್ಪನ ಹೆಂಡತಿ ಅಂಬಮ್ಮ ಒಳಗಿನಿಂದ ಓಡಿ ಬಂದು ಲೋಟ ಕಿತ್ತುಕೊಂಡಳು.

“ಬಿಡ್ರವ್ವಾ, ಅದು ನಿಮ್ಗಲ್ಲ! ಅದು ಬೋರ್ ನೀರು, ನಾವ್ ಕುಡಿಯಾದು. ನಿಮ್ಗೆ ಒಳ್ಗೆ ಸೀನೀರು ಐತೆ.”

“ಎಲ್ಲೀದು?”

“ತೋಟದ ಬಾವೀದು. ಒಂದೂವರೆ ಮೈಲಿ ಆಯ್ತದೆ. ನೆಂಟ್ರು ಬಂದ್ರೆ ಇರ್ಲಿ ಅಂತ ಒಂದ್ ಕೊಡ ತಂದು ಮಡ್ಗಿರ್ತೀವಿ.”

“ಅವತ್ತು ನನ್ನ ಬಾಟ್ಲಿಗೆ ಯಾವ ನೀರು ಹಾಕಿದ್ರಿ?”

“ಒಳ್ಳೇ ಚೆನ್ನಾಗ್ ಕೇಳ್ತೀರ! ಬಾಗ್ಲಿಗೆ ಬಂದು ನೀರು ಕೇಳಿದ್ ಹೆಣ್ಮಗೀಗೆ ಬೋರಿಂದು ಹುಯ್ಯಕ್ಕಾಯ್ತದಾ? ಸೀನೀರೇ ಹಾಕಿದ್ದು.”

“ಪಕ್ಕದ ಮನೆಯವ್ರು?”

“ಅವ್ರೇನ್ ನಮ್ಗಿಂತ ಕಡ್ಮೆನಾ?”

ದೀಪಶ್ರೀ ಮನೆಮನೆ ಸುತ್ತಿದರು. ಎಲ್ಲೆಡೆ ಅದೇ ಉತ್ತರ, ಜತೆಗೆ ಇದನ್ನೂ ಕೇಳಬೇಕಾ ಎಂಬ ಮುನಿಸು. ಬಾವಿ ಒಂದು, ಬಾಟಲಿ ಇನ್ನೂರ ಹನ್ನೆರಡು! ಸಭೆ ಸೇರಿರಲಿಲ್ಲ, ಡಂಗುರ ಹೊಡೆಸಿರಲಿಲ್ಲ. ತಾವು ಕುಡಿಯದೆ ಎತ್ತಿಟ್ಟ ನೀರನ್ನು ಊರಿಗೆ ಊರೇ ಗುರುತಿಲ್ಲದ ಹುಡುಗಿಗೆ ಸುರಿದುಕೊಟ್ಟಿತ್ತು. ಇಷ್ಟು ದೊಡ್ಡ ಒಮ್ಮತವನ್ನು ದೀಪಶ್ರೀ ಯಾವ ವಿಚಾರ ಸಂಕಿರಣದಲ್ಲೂ ಕಂಡಿರಲಿಲ್ಲ. ಜಗಲಿಗೆ ಮರಳಿ ಕೂತರು.

“ಫಿಲ್ಟರ್ ಘಟಕ ಹಾಕ್ಸಿ ಅಂತ ಆಫೀಸಿಗೋದ್ರೆ, ನಿಮ್ ನೀರು ಚೆನ್ನಾಗೈತೆ ಅಂತ ದೊಡ್ಡ ಡಾಕ್ಟ್ರು ಬರ್ದವ್ರೆ ಅಂತ ಕಾಗ್ದ ತೋರ್ಸಿ ಕಳಿಸ್ತಾರೆ,” ಎಂದ ಈರಭದ್ರಪ್ಪ. ಆಮೇಲೆ ಅನುಮಾನ ಬಂತು. “ಅಲ್ಲಾ, ಆ ಡಾಕ್ಟ್ರು ನೀವೇನಾ?”

ದೀಪಶ್ರೀ ಗಂಡ ಓಂಕಾರೇಶನಿಗೆ ಫೋನ್ ಮಾಡಿ ವಿಷಯ ಹೇಳಿದರು.

“ಸೋಮವಾರ ಮುಗೀಲಿ ಕಣೇ. ಆಮೇಲೆ ಸರಿ ಮಾಡಿದ್ರಾಯ್ತು. ಆ ಪೇಪರ್ ಇಲ್ದಿದ್ರೆ ನಿನ್ ಹತ್ರ ಇನ್ನೇನಿದೆ?”

“ಅರವತ್ತೆರಡಿದೆ ರೀ.”

“ಅವನ್ನ ಯಾರು ಓದಿದ್ದಾರೆ?”

ದೀಪಶ್ರೀ ಫೋನ್ ಇಟ್ಟು, ಪ್ರಬಂಧ ವಾಪಸು ಪಡೆಯುತ್ತಿದ್ದೇನೆ ಎಂದು ಅದು ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಅಲ್ಲೇ ಮೇಲ್ ಬರೆದರು.

“ನಮ್ಮಿಂದ ತೊಂದ್ರೆ ಆಯ್ತಾ ಅವ್ವಾ?” ಅಂಬಮ್ಮನ ಮುಖ ಸಣ್ಣದಾಗಿತ್ತು.

“ಇಲ್ಲಮ್ಮ. ಜಗಲೀಲಿ ಕೂತು ಬಾಟ್ಲಿ ಒಳಗೆ ಕಳಿಸ್ದೆ. ಎದ್ದು ಬಂದು ಕೊಡ ನೋಡ್ಬೇಕಿತ್ತು.” ಅಂದು ಸಂಜೆವರೆಗೆ ಬೋರಿನ ಬಾಯಿಗೇ ಬಾಟಲಿ ಹಿಡಿದು ನಿಂತರು.

ಸೋಮವಾರ ಸಂದರ್ಶನದ ಮೇಜಿನಾಚೆ ಐವರು. ಐವರದೂ ಸೇರಿ ನಾನೂರು ಪ್ರಬಂಧ.

“ಮುಖ್ಯವಾದದ್ದೇ ಪಟ್ಟಿಯಲ್ಲಿಲ್ಲವಲ್ಲ?” ಎಂದರು ಒಬ್ಬರು.

“ವಾಪಸ್ ತಗೊಂಡೆ ಸರ್.” ಕಾರಣವನ್ನೂ ಹೇಳಿದರು.

ನಾನೂರರಲ್ಲಿ ಒಂದನ್ನೂ ವಾಪಸು ಪಡೆಯದವರು ಫ್ಯಾನು ನೋಡಿದರು, ಫೈಲು ನೋಡಿದರು. ಹುದ್ದೆ ಬೇರೆಯವರ ಪಾಲೆಂಬುದು ಅಲ್ಲೇ ಖಾತ್ರಿಯಾಯಿತು.

ದೀಪಶ್ರೀ ಕಾರಿನ ಬಾಗಿಲು ತೆರೆಯುವಾಗ ಐವರಲ್ಲಿ ಹಿರಿಯರಾದ ಮಲ್ಲಿಕಾರ್ಜುನಯ್ಯ ಮೆಟ್ಟಿಲಿಳಿದು ಏದುಸಿರು ಬಿಡುತ್ತಾ ಬಂದರು.

“ಆ ಊರಿಗೆ ನನ್ನೂ ಒಂದ್ಸಲ ಕರ್ಕೊಂಡು ಹೋಗ್ತೀಯಾಮ್ಮಾ?”

“ಬೋರ್ ನೋಡೋಕಾ ಸರ್?”

“ಅಲ್ಲ ಕಣಮ್ಮ, ಆ ಜನಾನ.”